ಬಾರುಕೋಲು ಮಾಡಿಸಿದವನ ಲೆಕ್ಕ

ಓದತಕ್ಕ ವೇದಭಾಗಗಳು: ಯಾಕೋಬನ ಪತ್ರಿಕೆ ೫ನೆಯ ಅಧ್ಯಾಯ ೪ನೆಯ ವಚನ, ಅಪೊಸ್ತಲರ ಕೃತ್ಯಗಳು ೯ನೆಯ ಅಧ್ಯಾಯ ೪೩ನೆಯ ವಚನ.



ರೋಹಿಣಿ ಮಳೆ ಹೋಗಿ ಮಿರಗ ಕೂಡುವ ಹೊತ್ತಿಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗಳ ಒಕ್ಕಲುಮನೆಗಳಲ್ಲಿ ಒಂದೊಂದಾಗಿ ಸಾಮಾನುಗಳು ಹೊರಗೆ ಬರುತ್ತವೆ. ಕೂರಿಗೆಯ ತಾಳುಗಳನ್ನು ನೋಡುತ್ತಾರೆ, ಕುಂಟೆಯ ಕುಡವನ್ನು ಹಣಿಸುತ್ತಾರೆ, ನೊಗಕ್ಕೆ ಹೊಸ ಜತ್ತಿಗೆ ಕಟ್ಟುತ್ತಾರೆ. ಗೂಟಕ್ಕೆ ತೂಗಹಾಕಿದ ಬಾರುಕೋಲಿನ ತುದಿಯು ಸವೆದಿದ್ದರೆ ಹೊಸದೊಂದನ್ನು ಮಾಡಿಸುತ್ತಾರೆ. ಈಗಿನ ಕಾಲದಲ್ಲಿ ಟ್ರ್ಯಾಕ್ಟರುಗಳು ಬಂದು ಎತ್ತುಗಳು ಕಡಿಮೆಯಾದವು. ಸಂತೆಯಲ್ಲಿ ನೈಲಾನ್ ಹುರಿಯ ಚಾಟಿಗಳು ಅಗ್ಗವಾಗಿ ದೊರೆಯುತ್ತವೆ. ಆದರೂ ಖಿಲಾರಿ ಜೋಡಿಯನ್ನು ಕಟ್ಟಿದ ರೈತನು ತೊಗಲಿನ ಬಾರುಕೋಲನ್ನೇ ಆಶಿಸುತ್ತಾನೆ. ಅದಕ್ಕಾಗಿ ಅವನು ಕಸುಬುದಾರನ ಬಳಿಗೆ ಹೋಗಿ, ಇಷ್ಟು ಉದ್ದ, ಇಷ್ಟು ಎಳೆ, ಇಂಥ ಬಣ್ಣದ ಗೊಂಡೆ ಎಂದು ಹೇಳಿ, ಬೆಲೆಯನ್ನು ಗೊತ್ತುಮಾಡಿ ಬರುತ್ತಾನೆ.

ಇಂಥ ಸಣ್ಣ ವ್ಯವಹಾರದಲ್ಲಿ ದೇವರಿಗೇನು ಕೆಲಸವೆಂದು ಯಾರಾದರೂ ಕೇಳಬಹುದು. ಆದರೆ ನಮ್ಮ ದೇವರು ಆದಿತ್ಯವಾರದ ಎರಡು ತಾಸಿಗೆ ಮಾತ್ರ ದೇವರಲ್ಲ. ತಕ್ಕಡಿಯನ್ನೂ ಕಲ್ಲನ್ನೂ ಅಳತೆಯ ಸೇರನ್ನೂ ನೋಡುವ ದೇವರು ಬಾರುಕೋಲಿನ ಲೆಕ್ಕವನ್ನೂ ನೋಡುತ್ತಾನೆ. ಹೋದ ವರುಷ ನಮ್ಮ ಕಣ್ಣ ಮುಂದೆ ನಡೆದ ಒಂದು ಸಂಗತಿಯಿಂದ ಇದನ್ನು ನಾವು ಕಲಿತುಕೊಂಡೆವು. ಆ ಊರಿನ ಹೆಸರನ್ನೂ ಆ ಸಹೋದರನ ಹೆಸರನ್ನೂ ಹೇಳುವದಿಲ್ಲ. ಹೇಳದಿದ್ದರೆ ನಾವೆಲ್ಲರೂ ನಮ್ಮ ನಮ್ಮ ಹೆಸರನ್ನು ಅಲ್ಲಿ ಇಟ್ಟು ಓದಿಕೊಳ್ಳಬಹುದು.

ಗೋಕಾಕ ಸೀಮೆಯ ಒಂದು ಹಳ್ಳಿಯಲ್ಲಿ ನಮ್ಮ ಸಭೆಯ ಒಬ್ಬ ರೈತನಿದ್ದಾನೆ. ಘಟಪ್ರಭೆಯ ಕಾಲುವೆಯ ನೀರಿನಿಂದ ಅವನ ಹೊಲ ಕಬ್ಬು ಬೆಳೆಯುತ್ತದೆ. ಅವನ ಅಜ್ಜನು ಸುವಾರ್ತೆಯನ್ನು ಕೇಳಿ ದೀಕ್ಷಾಸ್ನಾನ ಹೊಂದಿದ ಕಾಲದಲ್ಲಿ ಆ ಮನೆಯಲ್ಲಿ ಹೊಲವಿರಲಿಲ್ಲ. ಅಜ್ಜನು ತೊಗಲ ಕೆಲಸದವನಾಗಿದ್ದನು. ಅದೇ ಓಣಿಯಲ್ಲಿ ಈಗಲೂ ಒಬ್ಬ ಮುದುಕನು ರಂಪಿಗೆಯನ್ನೂ ಆರಿಯನ್ನೂ ಬಿಡದೆ ಹಿಡಿದುಕೊಂಡಿದ್ದಾನೆ. ಅವನು ನಮ್ಮ ಸಭೆಯವನಲ್ಲ. ಆದರೆ ಈ ರೈತನ ತಂದೆಯನ್ನು ಬದುಕಿದ್ದಷ್ಟು ದಿವಸ ಅಣ್ಣಾ ಎಂದು ಕರೆದವನು. ಮಗನನ್ನು ಮಾತ್ರ ಈಚೆಗೆ ಸಾವಕಾರ್ರೇ ಎಂದು ಕರೆಯತೊಡಗಿದ್ದನು.

ರೈತನು ಮುದುಕನಿಗೆ ಎಂಟು ಎಳೆಯ ಬಾರುಕೋಲನ್ನು ಮಾಡಲು ಹೇಳಿ ೮೦೦ ರೂಪಾಯಿಗೆ ಮಾತಾಡಿದನು. ಮುದುಕನು ಮುಂಗಡ ಕೇಳಲಿಲ್ಲ. ಅವನು ಹೇಗೆ ಕೆಲಸ ಮಾಡಿದನೆಂಬದನ್ನು ನಾವು ಆ ಓಣಿಯಲ್ಲಿ ಹಾದುಹೋಗುವಾಗ ನೋಡಿದ್ದುಂಟು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು ಕೂದಲು ತೆಗೆದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ನೀರಿನಲ್ಲಿ ಹದಮಾಡುವದು ನಮ್ಮ ಕಡೆ ಹಿಂದಿನಿಂದ ಬಂದ ಪದ್ಧತಿ. ಹಾಗೆ ಹದಮಾಡಿದ ಕೋಣದ ತೊಗಲನ್ನು ಅವನು ತಂದು, ಮೊದಲನೆಯ ದಿವಸ ಅದನ್ನು ತೋಯಿಸಿ, ಹಲಗೆಯ ಮೇಲೆ ಚಾಚಿ, ರಂಪಿಗೆಯಿಂದ ಬಾರುಗಳನ್ನು ಸೀಳಿದನು. ಬಾರುಗಳು ಹಿಡಿಯ ಕಡೆಗೆ ಅಗಲವಾಗಿಯೂ ತುದಿಯ ಕಡೆಗೆ ಬರಬರುತ್ತ ಸಣ್ಣವಾಗಿಯೂ ಇರಬೇಕು. ಒಂದು ಎಳೆ ಹೆಚ್ಚು ಕಡಿಮೆಯಾದರೆ ಹೆಣಿಗೆಯೆಲ್ಲ ಸೊಟ್ಟಾಗುವದು. ಎರಡು ದಿವಸ ಅವನು ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ತೇವ ಆರದಂತೆ ನೋಡಿಕೊಳ್ಳುತ್ತ ಎಂಟು ಎಳೆಗಳನ್ನು ಹೆಣೆದನು. ನಾಲ್ಕನೆಯ ದಿವಸ ಎಣ್ಣೆ ತಿಕ್ಕಿ, ನೆರಳಿನಲ್ಲಿ ಒಣಗಿಸಿ, ಕೋಲಿಗೆ ಕಟ್ಟಿ, ಕೆಂಪು ಗೊಂಡೆಯಿಟ್ಟು ತಂದುಕೊಟ್ಟನು.

ಆ ದಿವಸ ನಾವು ಆ ಮನೆಯ ಪಡಸಾಲೆಯಲ್ಲಿ ಕೂತಿದ್ದೆವು. ಮುದುಕನು ಅಂಗಳದಲ್ಲಿಯೇ ನಿಂತನು. ಅವನಿಗೆ ಯಾರೂ ಒಳಗೆ ಬಾ ಎನ್ನಲಿಲ್ಲ. ನಮಗೆ ಬಂದ ಚಹವೇ ಅವನಿಗೂ ಹೋಯಿತು. ಆದರೆ ಹೊರಗಣ ಗೋಡೆಯ ಮಾಡದಲ್ಲಿ ಬೇರೆಯಾಗಿ ಇಟ್ಟಿದ್ದ ಒಂದು ಲೋಟದಲ್ಲಿ ಹೋಯಿತು. ಅವನು ಕುಡಿದು, ತಾನೇ ತೊಳೆದು, ಅಲ್ಲಿಯೇ ಇಟ್ಟನು. ರೈತನು ಬಾರುಕೋಲನ್ನು ಒಂದೆರಡು ಸಾರಿ ಬೀಸಿ ನೋಡಿ, ಹೆಣಿಗೆ ಸಡಿಲವಾಗಿದೆಯೆಂದು ಹೇಳಿ, ೫೦೦ ರೂಪಾಯಿ ಕೊಟ್ಟು, ಉಳಿದದ್ದನ್ನು ನೋಡೋಣವೆಂದನು. ಮುದುಕನು ಮಾತಾಡದೆ ಹೊರಟುಹೋದನು. ನಾವು ಮಾತಾಡದೆ ಚಹ ಕುಡಿದೆವು. ಸಹೋದರರೇ, ಈ ಕಡೆಯ ಮಾತನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ. ಆದರೂ ಬರೆಯಲೇಬೇಕು, ಯಾಕಂದರೆ ಅನ್ಯಾಯ ಮಾಡುವವರಿಗಿಂತ ಅದನ್ನು ಕಂಡು ಸುಮ್ಮನಿರುವವರು ನಮ್ಮ ಸಭೆಗಳಲ್ಲಿ ಹೆಚ್ಚಾಗಿದ್ದಾರೆ.

ಮರುವಾರ ಕರ್ತನ ಭೋಜನದ ಆದಿತ್ಯವಾರವಿತ್ತು. ಅದಕ್ಕೆ ಎರಡು ದಿವಸ ಮುಂಚೆ ನಾವು ಮುದುಕನ ಮನೆಗೆ ಹೋದೆವು. ಹಣದ ಮಾತು ತೆಗೆದಾಗ ಅವನು ಹೇಳಿದ್ದೇನಂದರೆ: “ಎಲ್ಲಾರೂ ಹಿಂಗ ಮಾಡತಾರ್ರೀ, ಅದೇನ ಹೊಸಾದಲ್ಲ. ಅದಕ್ಕ ನಾ ಎಲ್ಲಾರ ಕಡೆ ಮುಂಗಡ ಇಸಕೋತೀನಿ. ಇವರು ಪ್ರಾರ್ಥನಾ ಮಾಡೋ ಮಂದಿ ಅಂತ ಕೇಳಲಿಲ್ಲ.” ಈ ಒಂದು ಮಾತಿನ ಏಟು ಯಾವ ಬಾರುಕೋಲಿನ ಏಟಿಗಿಂತಲೂ ನಮಗೆ ಹೆಚ್ಚಾಗಿ ತಾಕಿತು. ಆದಕಾರಣ ಬಾರುಕೋಲು ಮಾಡಿಸುವವನು ದೇವರ ಮುಂದೆ ಯಾವ ಯಾವ ಲೆಕ್ಕ ಒಪ್ಪಿಸಬೇಕೆಂಬದನ್ನು ನಿಮ್ಮೊಂದಿಗೆ ಆಲೋಚಿಸುತ್ತೇವೆ.

ಮೊದಲನೆಯದು, ಕೂಲಿಯ ಲೆಕ್ಕ. ಮುದುಕನ ೮೦೦ ರೂಪಾಯಿಯಲ್ಲಿ ತೊಗಲು, ಕೋಲು, ಗೊಂಡೆಗಳಿಗೆ ೩೦೦ ಹೋಗಿತ್ತು. ನಾಲ್ಕು ದಿವಸದ ದುಡಿತಕ್ಕೆ ಉಳಿಯತಕ್ಕದ್ದು ೫೦೦, ದಿವಸಕ್ಕೆ ೧೨೫. ರೈತನು ಹಿಡಿದುಕೊಂಡ ೩೦೦ ರೂಪಾಯಿಯಿಂದ ಅದು ದಿವಸಕ್ಕೆ ೫೦ ಆಯಿತು. ಇಷ್ಟು ಕೂಲಿಗೆ ನಮ್ಮ ಕಬ್ಬಿನ ಗದ್ದೆಗೆ ಯಾರಾದರೂ ಬಂದಾರೋ? ಹಿಂದೆ ಆಯದ ಪದ್ಧತಿಯಿದ್ದಾಗ ತೊಗಲ ಕೆಲಸದವನು ವರುಷವೆಲ್ಲ ಮೆಟ್ಟು, ಮಿಣಿ, ಬಾರುಕೋಲು, ಬಾವಿಯ ನೀರೆತ್ತುವ ತೊಗಲಿನ ಬಾನಿ ಇವುಗಳನ್ನು ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಜೋಳವನ್ನು ಪಡೆಯುತ್ತಿದ್ದನು. ರಾಶಿಯ ಒಡೆಯನ ಮನಸ್ಸು ಹೇಗಿತ್ತೋ ಅವನ ಪಾಲೂ ಹಾಗೆಯೇ ಇರುತ್ತಿತ್ತು. ನಮ್ಮ ಅಜ್ಜಂದಿರು ಆ ಕಣದ ಅಂಚಿನಲ್ಲಿ ಸೆರಗೊಡ್ಡಿ ನಿಂತವರು. ಕಡಿಮೆ ಅಳೆಯುವವನ ಕೈಯನ್ನು ನೋಡಿ ಅವರು ಅತ್ತದ್ದನ್ನು ಮರೆತು, ಈಗ ಅಳೆಯುವ ಕೈ ನಮ್ಮದಾದಾಗ ನಾವೂ ಹಾಗೆಯೇ ಅಳೆಯಬಹುದೋ?

ಮೋಶೆಯ ಧರ್ಮಶಾಸ್ತ್ರವು ಕೂಲಿಯವನ ಹಣವನ್ನು ಮರುದಿನದ ಬೆಳಗಿನ ವರೆಗೆ ಇಟ್ಟುಕೊಳ್ಳಬಾರದೆಂದು ಆಜ್ಞಾಪಿಸುತ್ತದೆ (ಯಾಜಕಕಾಂಡ ೧೯:೧೩). ಅವನು ಬಡವನಾಗಿ ಅದರ ಮೇಲೆಯೇ ಮನಸ್ಸಿಟ್ಟಿರುವದರಿಂದ ಹೊತ್ತು ಮುಳುಗುವದಕ್ಕೆ ಮುಂಚೆ ಕೊಟ್ಟುಬಿಡಬೇಕನ್ನುತ್ತದೆ (ಧರ್ಮೋಪದೇಶಕಾಂಡ ೨೪:೧೫). ಯಾಕೋಬನು ಇನ್ನೂ ಭಯಂಕರವಾದ ಮಾತನ್ನು ಹೇಳುತ್ತಾನೆ. ಹಿಡಿದಿಟ್ಟ ಕೂಲಿಗೆ ಬಾಯಿ ಇದೆ, ಅದು ಕೂಗುತ್ತದೆ, ಆ ಕೂಗು ಸೇನಾಧೀಶ್ವರನ ಕಿವಿಗೆ ಮುಟ್ಟುತ್ತದೆ. ಮುದುಕನು ಸುಮ್ಮನೆ ಹೋದನೆಂದು ನಾವು ನೆಮ್ಮದಿಯಾಗಿರಬಾರದು. ಅವನು ಸುಮ್ಮನಿದ್ದರೂ ನಮ್ಮ ಅಂಗಿಯ ಜೇಬಿನಲ್ಲಿರುವ ಅವನ ೩೦೦ ರೂಪಾಯಿ ಸುಮ್ಮನಿರುವದಿಲ್ಲ. ನಾವು ಕೀರ್ತನೆ ಹಾಡುವಾಗ ಅದೂ ಜೇಬಿನಲ್ಲಿ ಕೂಗುತ್ತಿರುವದು. ದೇವರು ಯಾವ ಧ್ವನಿಯನ್ನು ಮೊದಲು ಕೇಳುವನೆಂದು ಯೋಚಿಸಿರಿ.

ಎರಡನೆಯದು, ಮರ್ಯಾದೆಯ ಲೆಕ್ಕ. ಕೂಲಿಯನ್ನು ಪೂರ್ತಿಯಾಗಿ ಕೊಟ್ಟರೂ ಮಾಡದಲ್ಲಿರುವ ಲೋಟದ ಲೆಕ್ಕ ಉಳಿಯುತ್ತದೆ. ನೆರೆಯವರು ನೋಡುತ್ತಾರೆ, ಅವರೊಂದಿಗೆ ಬಾಳಬೇಕಲ್ಲವೇ ಎಂದು ಆ ಸಹೋದರನು ನಮಗೆ ಹೇಳಿದನು. ನೆರೆಯವರು ನೋಡುವದು ನಿಜ. ಆದರೆ ಅವರು ನಮ್ಮಲ್ಲಿ ಏನನ್ನು ನೋಡಬೇಕು? ೧೯೫೦ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ ೧೭ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ದೇಶದ ಕಾನೂನು ತೆಗೆದುಹಾಕಿದ್ದನ್ನು ಕ್ರಿಸ್ತನ ಶಿಷ್ಯನು ತನ್ನ ಗೋಡೆಯ ಮಾಡದಲ್ಲಿ ಕಾಯ್ದಿಟ್ಟುಕೊಳ್ಳುವದು ಎಂಥ ಸಾಕ್ಷಿ!

ಅಪೊಸ್ತಲನಾದ ಪೇತ್ರನು ಯೊಪ್ಪದಲ್ಲಿ ಅನೇಕ ದಿವಸ ಯಾರ ಮನೆಯಲ್ಲಿ ಇಳುಕೊಂಡಿದ್ದನು? ಚರ್ಮಕಾರನಾದ ಸೀಮೋನನ ಮನೆಯಲ್ಲಿ. ಸತ್ತ ಪ್ರಾಣಿಗಳ ತೊಗಲನ್ನು ಮುಟ್ಟುವ ಆ ಕಸುಬನ್ನು ಯೆಹೂದ್ಯರು ಹೀನವೆಂದೆಣಿಸುತ್ತಿದ್ದರು. ಅವನ ಮನೆಯು ಸಮುದ್ರತೀರದಲ್ಲಿತ್ತು. ಅಂಥ ಮನೆಯ ಮಾಳಿಗೆಯ ಮೇಲೆ ಪೇತ್ರನು ಪ್ರಾರ್ಥಿಸುತ್ತಿರುವಾಗಲೇ, ದೇವರು ಶುದ್ಧಮಾಡಿದ್ದನ್ನು ಹೊಲೆ ಎನ್ನಬಾರದೆಂಬ ದರ್ಶನವಾಯಿತು. ಅನ್ಯಜನಾಂಗದ ಕೊರ್ನೇಲ್ಯನು ಕಳುಹಿಸಿದವರು ಬಂದು ನಿಂತದ್ದೂ ಆ ಮನೆಯ ಬಾಗಿಲಲ್ಲಿಯೇ. ಪ್ರಿಯರೇ, ಇದನ್ನು ಚೆನ್ನಾಗಿ ಗ್ರಹಿಸಿರಿ. ಕೊರ್ನೇಲ್ಯನಂತೆ ನಾವೂ ಅನ್ಯಜನರೇ. ನಮ್ಮಂಥವರಿಗೆ ಸುವಾರ್ತೆ ಹೊರಟುಬಂದ ಬಾಗಿಲು ಚರ್ಮಕಾರನ ಮನೆಯ ಬಾಗಿಲು. ಆ ಬಾಗಿಲಿನಿಂದ ರಕ್ಷಣೆಯನ್ನು ಪಡೆದವರು ಚರ್ಮಕಾರನಿಗೆ ನಮ್ಮ ಬಾಗಿಲನ್ನು ಮುಚ್ಚಬಹುದೋ?

ಇದಲ್ಲದೆ, ಲಂಡನ್ ಮಿಷನ್ನಿನವರು ೧೮೨೦ರಲ್ಲಿ ಬೆಳಗಾವಿಯಲ್ಲಿ ಕೆಲಸವನ್ನು ಪ್ರಾರಂಭಿಸುವದಕ್ಕೆ ಮೊದಲೇ, ೧೮೧೭ರಲ್ಲಿ, ಬಂಗಾಳ ದೇಶದ ಶ್ರೀರಾಮಪುರದಲ್ಲಿದ್ದ ವಿಲಿಯಂ ಕೇರಿ ಎಂಬವನು ನಮ್ಮ ಕನ್ನಡ ಭಾಷೆಯ ಒಂದು ವ್ಯಾಕರಣವನ್ನು ಪ್ರಕಟಿಸಿದನು. ಅವನು ೧೭೯೩ರಲ್ಲಿ ಹಿಂದುಸ್ಥಾನಕ್ಕೆ ಬರುವ ಮೊದಲು ಇಂಗ್ಲೆಂಡಿನ ಹಳ್ಳಿಯಲ್ಲಿ ಜೋಡು ಹೊಲಿಯುತ್ತಿದ್ದವನು. ದೊಡ್ಡವರ ಪಂಕ್ತಿಯಲ್ಲಿ ಒಬ್ಬನು, ಇವನು ಮುಂಚೆ ಜೋಡು ಮಾಡುವವನಾಗಿದ್ದನಲ್ಲವೇ ಎಂದು ಹಾಸ್ಯವಾಗಿ ಕೇಳಲು, ಮಾಡುವವನಲ್ಲ, ಹರಿದ ಜೋಡುಗಳನ್ನು ಹೊಲಿಯುವವನು ಮಾತ್ರ ಎಂದು ಕೇರಿಯು ಉತ್ತರಕೊಟ್ಟನೆಂದು ಹೇಳುತ್ತಾರೆ. ಆರಿ ಹಿಡಿದ ಕೈಯನ್ನು ಅವನು ಮುಚ್ಚಿಕೊಳ್ಳಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಯೌವನಸ್ಥರು ಶಾಲೆ ಕಲಿತು ಪಟ್ಟಣ ಸೇರಿದ ಮೇಲೆ ಅಜ್ಜನ ಕಸುಬನ್ನು ಹೇಳಲು ನಾಚುತ್ತಾರೆ. ಕಸುಬನ್ನು ಬಿಡುವದು ತಪ್ಪಲ್ಲ. ಅದರಲ್ಲಿ ಉಳಿದವರನ್ನು ಹೀನೈಸುವದು ತಪ್ಪು.

ಕೊಲ್ಹಾಪುರಿ ಚಪ್ಪಲಿಗೆ ೨೦೧೯ರಲ್ಲಿ ಸರಕಾರದ ಭೌಗೋಳಿಕ ಗುರುತು ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ೨೦೨೫ರಲ್ಲಿ ಇಟಲಿ ದೇಶದ ಮಿಲಾನ್ ಪಟ್ಟಣದಲ್ಲಿ ಒಂದು ದೊಡ್ಡ ಕಂಪನಿಯವರು ಅಂಥದೇ ಮೆಟ್ಟುಗಳನ್ನು ನಮ್ಮವರ ಹೆಸರೆತ್ತದೆ ಪ್ರದರ್ಶಿಸಿ, ಆಕ್ಷೇಪಣೆ ಬಂದ ಮೇಲೆ ಅವುಗಳ ಮೂಲ ಭಾರತದ ಕೈಕಸುಬೆಂದು ಒಪ್ಪಿಕೊಂಡರು. ಆ ಸುದ್ದಿಯನ್ನು ಓದಿ ನಾವೆಲ್ಲರೂ ಸಿಟ್ಟಾದೆವು. ದೂರದ ಸಾವಕಾರನು ನಮ್ಮ ಕಸುಬುದಾರನ ಹೆಸರನ್ನು ಮರೆತರೆ ಸಿಟ್ಟಾಗುವ ನಾವು, ಅಂಗಳದಲ್ಲಿ ನಿಂತವನ ಹೆಸರು ಹಿಡಿದು ಒಳಗೆ ಬಾ ಎಂದು ಕರೆದಿದ್ದೇವೋ?

ಮೂರನೆಯದು, ಎತ್ತಿನ ಲೆಕ್ಕ. ಬಾರುಕೋಲನ್ನು ಚೆನ್ನಾಗಿ ಬಲ್ಲ ಮುದುಕರು, ಅದು ಹೊಡೆಯುವ ಸಾಮಾನಲ್ಲ, ಮಾತಾಡುವ ಸಾಮಾನು ಎನ್ನುತ್ತಾರೆ. ಹೆಣಿಗೆಯು ತುದಿಯ ವರೆಗೆ ಕ್ರಮವಾಗಿ ಸಣ್ಣದಾಗುತ್ತ ಹೋಗುವದರಿಂದ ಕೈಯ ಒಂದು ಸಣ್ಣ ಬೀಸು ತುದಿಯನ್ನು ಮುಟ್ಟುವಾಗ ಅತಿ ವೇಗವಾಗುತ್ತದೆ; ಆ ತುದಿಯು ಶಬ್ದದ ವೇಗವನ್ನೂ ಮೀರುವಾಗ ಗಾಳಿಯಲ್ಲಿ ಛಟ್ಟೆಂಬ ಸಪ್ಪಳವಾಗುತ್ತದೆಂದು ಶಾಸ್ತ್ರಜ್ಞರು ತಿಳಿಸಿದ್ದಾರೆ. ಒಳ್ಳೇ ಒಕ್ಕಲಿಗನಿಗೆ ಆ ಸಪ್ಪಳ ಸಾಕು. ಎತ್ತಿನ ಚರ್ಮದ ಮೇಲೆ ಗೆರೆ ಏಳುವ ಅವಶ್ಯವಿಲ್ಲ. ಆದರೆ ಕಬ್ಬಿನ ಹಂಗಾಮಿನಲ್ಲಿ ಕಾರಖಾನೆಯ ದಾರಿಯಲ್ಲಿ ನೋಡಿರಿ: ಎಳೆಯಲಾರದಷ್ಟು ಹೇರಿ, ಏರಿನಲ್ಲಿ ಮೊಣಕಾಲೂರಿದ ಎತ್ತನ್ನು ಏಳುವ ವರೆಗೆ ಹೊಡೆಯುತ್ತಾರೆ. ನೀತಿವಂತನು ತನ್ನ ಪಶುವಿನ ಪ್ರಾಣದ ಚಿಂತೆ ಮಾಡುವನೆಂದು ಸೊಲೊಮೋನನು ಕಲಿಸಿದ್ದಾನೆ (ಜ್ಞಾನೋಕ್ತಿ ೧೨:೧೦). ಬಿಳಾಮನು ತನ್ನ ಕತ್ತೆಯನ್ನು ಮೂರು ಸಾರಿ ಹೊಡೆದಾಗ, ದೇವದೂತನು ಕತ್ತೆಯ ಪಕ್ಷವನ್ನು ಹಿಡಿದು ಮಾತಾಡಿದನು. ಮಾತು ಬಾರದ ಪ್ರಾಣಿಗೆ ಪರಲೋಕದಲ್ಲಿ ವಕೀಲನಿದ್ದಾನೆಂಬದನ್ನು ಗಾಡಿ ಹೂಡುವವರು ಮರೆಯಬಾರದು.

ನಾಲ್ಕನೆಯದು, ನಮ್ಮ ಕರ್ತನ ಬೆನ್ನಿನ ಲೆಕ್ಕ. ಪಿಲಾತನು ಯೇಸುವನ್ನು ಕೊರಡೆಗಳಿಂದ ಹೊಡಿಸಿದನೆಂದು ಸುವಾರ್ತೆಗಳಲ್ಲಿ ಓದುತ್ತೇವೆ. ರೋಮನರ ಆ ಕೊರಡೆಯು ತೊಗಲಿನ ಬಾರುಗಳದ್ದು; ಬಾರುಗಳಿಗೆ ಎಲುಬಿನ ಚೂರುಗಳನ್ನೂ ಸೀಸದ ಗುಂಡುಗಳನ್ನೂ ಕಟ್ಟುವ ರೂಢಿಯಿತ್ತು. ಅದನ್ನೂ ಯಾರೋ ಒಬ್ಬನು ಮಾಡಿಸಿದನು, ಯಾರೋ ಒಬ್ಬನು ಕೂತು ಮಾಡಿದನು. ಮಾಡಿದವನಿಗೆ ಅದು ಯಾರ ಬೆನ್ನಿನ ಮೇಲೆ ಬೀಳುವದೆಂದು ತಿಳಿದಿರಲಿಲ್ಲ. ಆದರೆ ಅದನ್ನು ನಿಜವಾಗಿ ಮಾಡಿಸಿದವರು ಯಾರು? ಯೆಶಾಯ ಪ್ರವಾದಿಯ ೫೩ನೆಯ ಅಧ್ಯಾಯವನ್ನು ಮನೆಯಲ್ಲಿ ನಿಧಾನವಾಗಿ ಓದಿರಿ. ಆ ಬಾಸುಂಡೆಗಳು ನಮ್ಮವು. ಎಳೆ ಎಳೆಯಾಗಿ ಆ ಕೊರಡೆಯನ್ನು ಹೆಣೆದದ್ದು ನಮ್ಮ ಪಾಪ. ಹಿಡಿದಿಟ್ಟ ಕೂಲಿ ಒಂದು ಎಳೆ. ಬೇರೆಯಿಟ್ಟ ಲೋಟ ಒಂದು ಎಳೆ. ಮೂಕಪ್ರಾಣಿಯ ಮೇಲಿನ ಕ್ರೂರತ್ವ ಒಂದು ಎಳೆ. ಕಂಡೂ ಸುಮ್ಮನಿದ್ದ ನಮ್ಮ ಮೌನ ಇನ್ನೊಂದು ಎಳೆ. ಅವನೋ ಆ ಏಟುಗಳನ್ನು ತಿಂದು, ಅವುಗಳಿಂದಲೇ ನಮಗೆ ಗುಣವನ್ನುಂಟುಮಾಡಿದನು. ಇದಕ್ಕಿಂತ ದೊಡ್ಡ ಕೃಪೆ ಇಲ್ಲ. ಆದರೆ ಈ ಕೃಪೆಯನ್ನು ಹೊಂದಿದವನು ಎದ್ದುಹೋಗಿ ಮತ್ತೆ ಅದೇ ಎಳೆಗಳನ್ನು ಹೆಣೆಯುತ್ತಾ ಕೂತುಕೊಳ್ಳಬಹುದೋ?

ಈಗ ಆ ಸಹೋದರನ ವಿಷಯವಾಗಿ ಉಳಿದದ್ದನ್ನು ಹೇಳುತ್ತೇವೆ. ಶನಿವಾರ ಸಾಯಂಕಾಲ ನಾವು ಅವನ ಮನೆಗೆ ಹೋಗಿ, ಮೊದಲು ನಮ್ಮ ಮೌನವನ್ನೇ ಅವನ ಮುಂದೆ ಅರಿಕೆಮಾಡಿ, ಬಳಿಕ ಮುದುಕನ ಮಾತನ್ನು ತಿಳಿಸಿದೆವು. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗಲು ಹೋಗಬೇಕೆಂದು ಕರ್ತನು ಹೇಳಿದ ಮಾತನ್ನು (ಮತ್ತಾಯ ೫:೨೩, ೨೪) ಕೂಡಿ ಓದಿದೆವು. ಅವನು ಬಹಳ ಹೊತ್ತು ತಲೆಯೆತ್ತಲಿಲ್ಲ. ಕತ್ತಲಾದ ಮೇಲೆ ೩೦೦ ರೂಪಾಯಿಯನ್ನು ತೆಗೆದುಕೊಂಡು ಹಳೆಯ ಓಣಿಗೆ ನಡೆದನು. ನಾವೂ ಹಿಂದೆ ಹೋದೆವು. ಮುದುಕನು ಹಣವನ್ನು ನೋಡಿ ಕೈಚಾಚದೆ, “ಬಾರಕೋಲ ತಂದೀರೇನ್ರೀ? ಹೆಣಕಿ ಸಡ್ಲ ಐತಿ ಅಂದಿದ್ರಿ. ಕೊಡ್ರಿ, ಬಿಗದ ಕೊಡತೀನಿ” ಎಂದನು. ಎಂಟು ದಿವಸ ಅವನಿಗೆ ಹಣಕ್ಕಿಂತ ತನ್ನ ಕೈಕೆಲಸಕ್ಕೆ ಬಂದ ದೂರೇ ಹೆಚ್ಚು ನೋಯಿಸಿತ್ತು. ಆಗ ನಮ್ಮ ಸಹೋದರನು, “ಕಾಕಾ, ಹೆಣಕಿ ಸಡ್ಲ ಇರಲಿಲ್ಲ. ನಾ ಸುಳ್ಳ ಹೇಳಿದೆ” ಎಂದನು. ಮುದುಕನು ಹಣವನ್ನು ಎಣಿಸಿ ತೆಗೆದುಕೊಂಡು, “ಕೂಡ ತಮ್ಮಾ” ಎಂದು ಚಾಪೆಯನ್ನು ಹಾಸಿದನು. ಅಲ್ಲಿ ನಾವು ಅವನ ಮನೆಯ ಲೋಟಗಳಲ್ಲಿ ಚಹ ಕುಡಿದೆವು. ಮರುದಿನ ನೋಡುವಾಗ ರೈತನ ಗೋಡೆಯ ಮಾಡ ಬರಿದಾಗಿತ್ತು.

ಆದಕಾರಣ ಪ್ರಿಯರೇ, ಬರುವ ಕರ್ತನ ಭೋಜನಕ್ಕೆ ಮುಂಚೆ ಒಬ್ಬೊಬ್ಬರು ತಮ್ಮನ್ನು ಪರೀಕ್ಷಿಸಿಕೊಳ್ಳಿರಿ. ನಿಮ್ಮ ಮನೆಯಲ್ಲಿರುವ ಬಾರುಕೋಲು, ಮೆಟ್ಟು, ಮೊರ, ಕುಡಗೋಲು, ಗಡಿಗೆ ಇವುಗಳನ್ನು ಒಂದು ಸಾರಿ ಕಣ್ಣಿಟ್ಟು ನೋಡಿರಿ. ಪ್ರತಿಯೊಂದರ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಅವನಿಗೆ ಸಲ್ಲತಕ್ಕದ್ದು ಸಂದಿದೆಯೋ? ಅವನು ನಿಮ್ಮ ಹೊಸ್ತಿಲು ದಾಟಿ ಕೂತಿದ್ದಾನೋ? ಸಲ್ಲದಿದ್ದರೆ ಹೊತ್ತು ಮುಳುಗುವದಕ್ಕೆ ಮುಂಚೆ ಸಲ್ಲಿಸಿರಿ. ಕೂತಿಲ್ಲವಾದರೆ ಕರೆದು ಕೂಡಿಸಿರಿ. ಆಗ ನಮ್ಮ ಪ್ರಾರ್ಥನೆಯನ್ನು ನಂಬಿ ಮುಂಗಡ ಕೇಳದವನು ಮೋಸಹೋಗನು, ನಮ್ಮ ಕರ್ತನ ನಾಮಕ್ಕೆ ನಮ್ಮಿಂದ ನಿಂದೆ ಬಾರದು.

ಬಡಗಿಯ ಮನೆಯಲ್ಲಿ ಬೆಳೆದು, ಕೈಕೆಲಸವನ್ನು ಘನಪಡಿಸಿದ ನಮ್ಮ ಕರ್ತನಾದ ಯೇಸು ಕ್ರಿಸ್ತನ ಕೃಪೆಯು ನಿಮ್ಮೆಲ್ಲರ ಮನೆಗಳಲ್ಲಿಯೂ ಹೊಲಗಳಲ್ಲಿಯೂ ನೆಲೆಸಲಿ. ಆಮೆನ್.